ಪಾರಿವಾಳಕ್ಕೆ ‘ಕಂಪ್ಲೈಡ್’ ಎಂದು ಬರೆದುಕೊಟ್ಟವನ ಉತ್ತರ

ಆರ್‌ಎಫ್‌ಸಿಗಳಿಂದ, ಅಂದರೆ ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ಸಂಖ್ಯೆ ಹಾಕಿದ ದಾಖಲೆಗಳಿಂದ, ಏಪ್ರಿಲ್ ಒಂದರ ತಮಾಷೆಯವನ್ನು ಸೋಸಿ ತೆಗೆದ ಪಟ್ಟಿ ಬೇಕು, ನೆಟ್‌ವರ್ಕಿಂಗ್ ಕಲಿಯುವ ಹೊತ್ತಿನಲ್ಲಿ ಅವುಗಳ ಮೇಲೆ ಸಮಯ ಹಾಳುಮಾಡಿಕೊಳ್ಳುವುದು ಬೇಡ ಎಂದಿದ್ದೀರಿ. ನಿಮ್ಮ ಜಾಗದಲ್ಲಿದ್ದಾಗ ನನಗೂ ಇದೇ ಅವಸರವಿತ್ತು. ಅಲ್ಲಿ ತಮಾಷೆಯವೂ ಇವೆ ಎಂಬುದಾದರೂ ನಿಮಗೆ ಗೊತ್ತಿದೆ. ನನಗೆ ಅದೂ ಗೊತ್ತಿರಲಿಲ್ಲ. ಅದಕ್ಕೆ ತೆತ್ತದ್ದನ್ನು ಮೊದಲು ಹೇಳಿಬಿಡುತ್ತೇನೆ, ಪಟ್ಟಿಯ ವಿಚಾರ ಆಮೇಲೆ.

ಆಗ ನಾನು ಬೆಂಗಳೂರಿನಲ್ಲಿ ರೂಟರ್, ಸ್ವಿಚ್ ಮಾರುವ ಸಂಸ್ಥೆಯೊಂದರ ಪ್ರಿಸೇಲ್ಸ್ ವಿಭಾಗದಲ್ಲಿದ್ದೆ. ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿ ಐಪಿವಿ6 ಇನ್ನೇನು ಬಂದೇಬಿಟ್ಟಿತು ಎಂದು ಎಲ್ಲರೂ ಹೆದರಿಸುತ್ತಿದ್ದ ಕಾಲ. (ಹಾಗೆಂದರೆ ಅದು ಯಾವ ವರ್ಷವಾದರೂ ಆಗಬಹುದು, ಬಲ್ಲೆ.) ಪ್ರಿಸೇಲ್ಸ್ ಎಂದರೆ ಏನೋ ದೊಡ್ಡ ವಿನ್ಯಾಸದ ಕೆಲಸ ಎಂದು ಊರಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಮಾಡುತ್ತಿದ್ದದ್ದು ಟೆಂಡರಿನ ಕಂಪ್ಲಯನ್ಸ್ ಶೀಟ್ ತುಂಬುವ ಕೆಲಸ. ಎಡಗಡೆ ಗಿರಾಕಿಯ ಬೇಡಿಕೆ, ಅದರ ಪಕ್ಕ ನಮ್ಮ ಉತ್ತರ, ಕೊನೆಗೆ ಷರಾ. ಉತ್ತರದ ಕಾಲಮ್ಮಿನಲ್ಲಿ ‘ಕಂಪ್ಲೈಡ್’, ಅಂದರೆ ‘ಪಾಲಿಸುತ್ತದೆ’, ಅಲ್ಲದೆ ಬೇರೇನಾದರೂ ಬರೆದರೆ ಮ್ಯಾನೇಜರು ಬಂದು ಮೇಜಿನ ಬಳಿ ಸುಮ್ಮನೆ ನಿಲ್ಲುತ್ತಿದ್ದರು. ಅವರು ನಿಂತರೆ ಬೆರಳುಗಳು ತಾವಾಗಿಯೇ ‘ಕಂಪ್ಲೈಡ್’ ಎಂದು ಟೈಪ್ ಮಾಡುತ್ತಿದ್ದವು.

ಆ ಸಲ ಬಂದದ್ದು ಹತ್ತಾರು ಶಾಖೆಗಳಿದ್ದ ಸಂಸ್ಥೆಯೊಂದರ ಟೆಂಡರ್. ಸೇವಾ ಗುಣಮಟ್ಟದ, ಅಂದರೆ ಕ್ಯೂಒಎಸ್‌ನ ಭಾಗದಲ್ಲಿ ಆರ್‌ಎಫ್‌ಸಿಗಳ ಸಂಖ್ಯೆ ಮಾತ್ರ ಕೊಟ್ಟಿದ್ದರು, ಶೀರ್ಷಿಕೆ ಇರಲಿಲ್ಲ: 2474, 2475, 2549, 2597, 3246. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾನು ಮುಗ್ಗರಿಸಿದ್ದು ಈ ಸಾಲಿನಲ್ಲಿಯೇ, ಮತ್ತು ಅದು ಕೇಳಿದವರು ನಗುವಷ್ಟು ಪೆದ್ದುತನವೇನೂ ಆಗಿರಲಿಲ್ಲ ಎಂದು ನಾನು ಇವತ್ತಿಗೂ ವಾದಿಸುತ್ತೇನೆ. 2474 ಮತ್ತು 2475 ಡೇಟಾದ ತುಣುಕುಗಳನ್ನು, ಅಂದರೆ ಪ್ಯಾಕೆಟ್ಟುಗಳನ್ನು, ದರ್ಜೆವಾರು ಸಾಗಿಸುವ ಡಿಫ್‌ಸರ್ವ್ ಪದ್ಧತಿಯ ಮೂಲ ದಾಖಲೆಗಳು, 1998ರ ಡಿಸೆಂಬರಿನವು. 2597 ಅದೇ ಪದ್ಧತಿಯ ಅಶ್ಯೂರ್ಡ್ ಫಾರ್ವರ್ಡಿಂಗ್, 1999ರ ಜೂನಿನದು. 3246 ಎಕ್ಸ್‌ಪೆಡೈಟೆಡ್ ಫಾರ್ವರ್ಡಿಂಗ್, 2002ರದು. ನಾಲ್ಕೂ ನಮ್ಮ ರೂಟರಿನ ಡೇಟಾಶೀಟಿನಲ್ಲಿದ್ದವು. ಒಂದೊಂದರ ಮೇಲೂ ಬೆರಳಿಟ್ಟು ನೋಡಿದ್ದೆ. 2549 ಮಾತ್ರ ಇರಲಿಲ್ಲ.

ಆಗ ನನ್ನ ತಲೆ ಓಡಿದ್ದು ಹೀಗೆ. ಈ ರೂಟರ್ 2475ನ್ನು ಪಾಲಿಸುತ್ತದೆ. ಅದಕ್ಕಿಂತ ಹೊಸದಾದ 2597ನ್ನೂ ಪಾಲಿಸುತ್ತದೆ. ಒಂದನೆಯ ಮಹಡಿಯೂ ಮೂರನೆಯ ಮಹಡಿಯೂ ಇರುವ ಕಟ್ಟಡದಲ್ಲಿ ಎರಡನೆಯದು ಇಲ್ಲದೆ ಹೋದೀತೇ? ಡೇಟಾಶೀಟ್ ಬರೆದವನು ಮರೆತಿರಬೇಕು. ಆರ್‌ಎಫ್‌ಸಿಯ ಸಂಖ್ಯೆ ಎಂದರೆ ಬ್ಯಾಂಕಿನ ಟೋಕನ್ ಹಾಗೆ ಬಂದ ಸರದಿಯಷ್ಟೇ, ಅಕ್ಕಪಕ್ಕದ ಎರಡಕ್ಕೆ ಪರಸ್ಪರ ಮುಖಪರಿಚಯವೂ ಇರಬೇಕಾಗಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ದಾಖಲೆಯನ್ನು ತೆರೆದು ನೋಡಿದ್ದರೆ ಅರ್ಧ ನಿಮಿಷದ ಕೆಲಸ. ನಾನು ಎಕ್ಸೆಲ್ಲಿನಲ್ಲಿ ಮೇಲಿನ ಸಾಲಿನ ಮೂಲೆ ಹಿಡಿದು ಕೆಳಕ್ಕೆ ಎಳೆದೆ. ‘ಕಂಪ್ಲೈಡ್’ ಇಳಿಯಿತು. ಅದರೊಂದಿಗೆ ಷರಾದ ಕಾಲಮ್ಮೂ ಇಳಿಯಿತು: ‘ಹಾರ್ಡ್‌ವೇರ್‌ನಲ್ಲಿಯೇ ಬೆಂಬಲವಿದೆ. ಪೂರ್ಣ ಲೈನ್ ರೇಟ್. ಪ್ರತ್ಯೇಕ ಲೈಸೆನ್ಸ್ ಬೇಕಿಲ್ಲ.’

2549 ಏನೆಂದು ಈಗ ಹೇಳುತ್ತೇನೆ. 1990ರ ಏಪ್ರಿಲ್ 1ರಂದು ಡೇವಿಡ್ ವೈಟ್ಜ್‌ಮನ್ ಎಂಬ ಇಂಜಿನಿಯರ್ ಆರ್‌ಎಫ್‌ಸಿ 1149 ಬರೆದರು. ಇಂಟರ್ನೆಟ್ಟಿನ ಪ್ಯಾಕೆಟ್ಟುಗಳನ್ನು ಪಾರಿವಾಳಗಳ ಮೂಲಕ ಸಾಗಿಸುವ ವಿಧಾನ ಅದು. ಪ್ಯಾಕೆಟ್ಟನ್ನು ಹದಿನಾರರ ಅಂಕಪದ್ಧತಿಯಲ್ಲಿ ಸಣ್ಣ ಕಾಗದದ ಸುರುಳಿಯ ಮೇಲೆ ಮುದ್ರಿಸಿ, ಹಕ್ಕಿಯ ಕಾಲಿಗೆ ಸುತ್ತಿ, ಟೇಪು ಹಚ್ಚಿ ಬಿಡಬೇಕು. ಒಂದು ಸಲಕ್ಕೆ ಹೊರುವ ಗರಿಷ್ಠ ಗಾತ್ರ, ಅಂದರೆ ಎಂಟಿಯು, ಸಾಮಾನ್ಯವಾಗಿ 256 ಮಿಲಿಗ್ರಾಂ. ಬ್ಯಾಂಡ್‌ವಿಡ್ತ್‌ಗೆ ಮಿತಿ ಹಕ್ಕಿಯ ಕಾಲಿನ ಉದ್ದ. ಹುಳುಗಳನ್ನು, ಅಂದರೆ ವರ್ಮ್‌ಗಳನ್ನು (ಕಂಪ್ಯೂಟರುಗಳಿಗೆ ಹರಡುವ ಕೆಟ್ಟ ತಂತ್ರಾಂಶಕ್ಕೂ ಅದೇ ಹೆಸರು), ಪತ್ತೆಹಚ್ಚಿ ನಿರ್ಮೂಲ ಮಾಡುವ ವ್ಯವಸ್ಥೆ ಹಕ್ಕಿಯಲ್ಲಿ ಹುಟ್ಟಿನಿಂದಲೇ ಅಳವಟ್ಟಿದೆ. 1999ರ ಏಪ್ರಿಲ್ 1ರಂದು ಅವರೇ ಇದಕ್ಕೆ ಸೇವಾ ಗುಣಮಟ್ಟ ಸೇರಿಸಿ ಬರೆದದ್ದು 2549. ಎರಡರ ನೆತ್ತಿಯ ಮೇಲೂ ‘ಪ್ರಾಯೋಗಿಕ’ ಎಂಬ ಗಂಭೀರ ಮುದ್ರೆಯಿದೆ. ಕ್ಯೂಒಎಸ್ ಪಟ್ಟಿಯಲ್ಲಿ ಅದು ಕಾನೂನುಬದ್ಧವಾಗಿಯೇ ಕುಳಿತಿತ್ತು ಎನ್ನಿ.

ತಾಂತ್ರಿಕ ಮೌಲ್ಯಮಾಪನದ ದಿನ ಸಮಿತಿಯ ನಡುವಿನ ಕುರ್ಚಿಯಲ್ಲಿದ್ದವರು ನಿವೃತ್ತಿಯ ಹೊಸ್ತಿಲಲ್ಲಿದ್ದ ಹಿರಿಯ ಇಂಜಿನಿಯರ್. ಮುಂದೆ ನಮ್ಮ ಶೀಟ್, ಪಕ್ಕದಲ್ಲಿ ಪಿನ್ ಹೊಡೆದ ನಾಲ್ಕಾರು ಹಾಳೆ. ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು: “2549ಕ್ಕೆ ಕಂಪ್ಲೈಡ್ ಎಂದಿದ್ದೀರಿ. ಅದರಲ್ಲಿ ನಾಲ್ಕು ದರ್ಜೆಗಳಿವೆ. ಕಾಂಕಾರ್ಡ್, ಫಸ್ಟ್, ಬಿಸಿನೆಸ್, ಕೋಚ್. ನೀವು ಯಾವುದನ್ನು ಕೊಡುತ್ತೀರಪ್ಪಾ?”

“ನಾಲ್ಕನ್ನೂ ಕೊಡುತ್ತೇವೆ ಸರ್,” ಎಂದೆ. ಪಕ್ಕದಲ್ಲಿದ್ದ ನಮ್ಮ ಮ್ಯಾನೇಜರು ಡೈರಿಯಲ್ಲಿ ‘4 ದರ್ಜೆ, ಖಚಿತ’ ಎಂದು ಬರೆದುಕೊಂಡರು.

“ಸರಿ. ದಾರಿಯಲ್ಲಿ ಗಿಡುಗ ಹಿಡಿದರೆ?”

ಗಿಡುಗ ಎಂಬುದು ಯಾವುದೋ ಎದುರಾಳಿ ಕಂಪನಿಯ ಉಪಕರಣದ ಹೆಸರಿರಬೇಕು ಎಂದುಕೊಂಡೆ. ಈ ಉದ್ಯಮದಲ್ಲಿ ಪ್ರಾಣಿಪಕ್ಷಿಗಳ ಹೆಸರಿಗೆ ಬರವಿಲ್ಲ. “ಪ್ಯಾಕೆಟ್ ಕಳೆದುಹೋದರೆ ಟಿಸಿಪಿ ಮತ್ತೆ ಕಳಿಸುತ್ತದೆ ಸರ್,” ಎಂದೆ. ಹೇಳಿಬಿಡುತ್ತೇನೆ, ಆ ಉತ್ತರ ತಾಂತ್ರಿಕವಾಗಿ ನೂರಕ್ಕೆ ನೂರು ಸರಿ. ಅವರೂ ತಲೆಯಾಡಿಸಿ ಅಂಚಿನಲ್ಲಿ ಸರಿ ಗುರುತು ಹಾಕಿದರು.

“ವಾರ್ಷಿಕ ನಿರ್ವಹಣಾ ಗುತ್ತಿಗೆಯಲ್ಲಿ ಕಾಳು ಸೇರಿದೆಯೇ, ಅದಕ್ಕೆ ಬೇರೆ ದರವೇ?”

ನಾನು ಮ್ಯಾನೇಜರ ಮುಖ ನೋಡಿದೆ. ಅವರು, “ಎಲ್ಲವೂ ಸೇರಿದೆ ಸರ್, ಐದು ವರ್ಷ,” ಎಂದರು.

“ಸಂತೋಷ. ನಮ್ಮ ಎಲ್ಲ ಶಾಖೆಗಳ ಬಾಲ್ಕನಿಗೂ ಪಾರಿವಾಳದ ಬಲೆ ಕಟ್ಟಿಸಿದ್ದೇವೆ. ಬಿಚ್ಚಿಸಬೇಕೋ, ಹಾಗೆಯೇ ಇರಲೋ?”

ಅಲ್ಲಿಗೆ ನನಗೆ ಅರ್ಥವಾಯಿತು. ಮ್ಯಾನೇಜರಿಗೆ ಆಗಿರಲಿಲ್ಲ. ಸ್ಥಳ ಪರಿಶೀಲನೆ ನಡೆಸಿ ತಿಳಿಸುತ್ತೇವೆ ಎಂದು ಅವರು ಆಶ್ವಾಸನೆ ಕೊಟ್ಟರು.

ಯಾರು ಓದದೆ ಸಹಿ ಹಾಕುತ್ತಾರೆಂದು ನೋಡಲು ಆ ಹಿರಿಯರು ಪ್ರತಿ ಟೆಂಡರಿನಲ್ಲಿಯೂ ಇಂಥದ್ದೊಂದನ್ನು ತುರುಕುತ್ತಿದ್ದರು ಎಂದು ಆಮೇಲೆ ತಿಳಿಯಿತು. ಸುಳ್ಳು ಹೇಳಿಕೆ ಎಂದು ನಮ್ಮ ಬಿಡ್ ಬಿತ್ತು. ಇಎಂಡಿ, ಅಂದರೆ ಬಿಡ್ ಜೊತೆ ಕಟ್ಟಿದ ಠೇವಣಿ ಹಣ, ವಾಪಸು ಪಡೆಯಲು ಪತ್ರಗಳ ಮೇಲೆ ಪತ್ರ. ಕೆಲಸ ಸಿಕ್ಕಿದ್ದು ‘ಮುಂದಿನ ಆವೃತ್ತಿಯಲ್ಲಿ ಬರಲಿದೆ’ ಎಂದು ಬರೆದಿದ್ದ ಕಂಪನಿಗೆ. ಅವರೂ ಓದಿರಲಿಲ್ಲ, ಆದರೆ ಹಕ್ಕಿಗಳು ಈಗಲೇ ತಮ್ಮ ಬಳಿ ಇವೆ ಎಂದು ಹೇಳಿಕೊಂಡಿರಲಿಲ್ಲ. ನನ್ನ ಬಡ್ತಿ ಹೋಯಿತು. ನೆಟ್‌ವರ್ಕ್ ಮೇಲ್ವಿಚಾರಣಾ ಕೊಠಡಿಯ ರಾತ್ರಿ ಪಾಳಿಗೆ ನನ್ನನ್ನು ಹಾಕಿದರು.

ಆ ಪಾಳಿಯಲ್ಲಿ ಕುಳಿತೇ ನಾನು 1149ನ್ನು ಕೊನೆಗೂ ಓದಿದ್ದು, ಮೊದಮೊದಲು ಹಲ್ಲು ಕಡಿಯುತ್ತ. ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪದಿರುವುದಕ್ಕೆ ಕಾರಣ ಅಲ್ಲಿದೆ. ಎರಡು ಪುಟದ ಆ ಹುಡುಗಾಟಿಕೆಯಲ್ಲಿ ಒಂದು ಲಿಂಕ್ ಬಗ್ಗೆ ಕೇಳಬೇಕಾದ ಪ್ರಶ್ನೆಗಳೆಲ್ಲ ಇವೆ: ತಡವೆಷ್ಟು, ಒಂದು ಸಲಕ್ಕೆ ಎಷ್ಟು ಹೋಗುತ್ತದೆ, ಬಿರುಗಾಳಿ ಬಂದರೆ ಎಷ್ಟು ಕಳೆಯುತ್ತದೆ. ಪಾರಿವಾಳ ತನ್ನ ಗೂಡಿಗೆ ಮಾತ್ರ ಮರಳುತ್ತದೆ, ಆದ್ದರಿಂದ ಉತ್ತರ ಬರಲು ಆ ಕಡೆಯ ಬೇರೆ ಹಕ್ಕಿಯೇ ಬೇಕು. ಹೋಗುವ ದಾರಿ, ಬರುವ ದಾರಿ ಬೇರೆ ಬೇರೆ ಇರಬಹುದು ಎಂದು ತರಬೇತಿಯಲ್ಲಿ ಬಾಣದ ಗುರುತು ಹಾಕಿ ಹಾಕಿ ತೋರಿಸಿದ್ದರು. ತಲೆಗೆ ಹೋಗಿದ್ದು ಹಕ್ಕಿಯಿಂದ.

ಇದನ್ನು ಮಾಡಿಯೇ ನೋಡಿದವರೂ ಇದ್ದಾರೆ. ನಾರ್ವೆಯ ಬರ್ಗೆನ್ ನಗರದ ಲಿನಕ್ಸ್ ಬಳಕೆದಾರರ ಗುಂಪು 2001ರ ಏಪ್ರಿಲ್ 28ರಂದು ಅಲ್ಲಿನ ಪಾರಿವಾಳ ಸಾಕುವವರನ್ನು ಜೊತೆ ಮಾಡಿಕೊಂಡು, ಸುಮಾರು ಐದು ಕಿಲೋಮೀಟರ್ ದೂರಕ್ಕೆ ಪಿಂಗ್, ಅಂದರೆ ‘ಇದ್ದೀಯಾ’ ಎಂದು ಕೇಳಿ ಉತ್ತರ ಕಾಯುವ ಪ್ಯಾಕೆಟ್ಟುಗಳನ್ನು, ಕಳಿಸಿತು. ಹೋದದ್ದು 9 ಪ್ಯಾಕೆಟ್, ಉತ್ತರ ಬಂದದ್ದು 4ಕ್ಕೆ. ನಷ್ಟ ಶೇಕಡಾ 55. ಬೇಗ ಬಂದ ಉತ್ತರಕ್ಕೆ 3212 ಸೆಕೆಂಡು, ತಡವಾದದ್ದಕ್ಕೆ 6389 ಸೆಕೆಂಡು. ನಮ್ಮ ಕೆಲವು ಮಲೆನಾಡಿನ ಲಿಂಕುಗಳ ಆಷಾಢದ ವರದಿಯನ್ನು ದಿನವೂ ನೋಡುತ್ತಿದ್ದ ನನಗೆ ನಾರ್ವೆಯವರ ಸಾಧನೆ ಕಳಪೆ ಎನಿಸಲಿಲ್ಲ.

ಸೋಸುವುದು ಆಗದ ಮಾತು ಎನ್ನಲು ಇನ್ನೊಂದು ಕಾರಣವಿದೆ. 1998ರ ಏಪ್ರಿಲ್ 1ರಂದು ಲ್ಯಾರಿ ಮ್ಯಾಸಿಂಟರ್ ಬರೆದ ಆರ್‌ಎಫ್‌ಸಿ 2324, ಕಾಫಿ ಯಂತ್ರಗಳನ್ನು ನಿಯಂತ್ರಿಸುವ ಪ್ರೋಟೊಕಾಲ್. ಟೀ ಕುಡಿಕೆಗೆ ಕಾಫಿ ಮಾಡು ಎಂದರೆ ಅದು ‘ನಾನು ಟೀ ಕುಡಿಕೆ’ ಎಂಬ ಅರ್ಥದ 418ನೆಯ ದೋಷಸಂಖ್ಯೆ ಕಳಿಸಬೇಕು. ಕಾಫಿಗೆ ಏನೇನು ಬೆರೆಸಬಹುದೆಂಬ ಪಟ್ಟಿಯಲ್ಲಿ ವಿಸ್ಕಿ, ರಮ್ ಇವೆ, ಚಿಕೋರಿ ಇಲ್ಲ. ಅದೊಂದನ್ನು ಬಿಟ್ಟರೆ ಲೇಖಕರು ರುಚಿ ಬಲ್ಲವರು: ಕೆಫೀನ್ ತೆಗೆದ ಕಾಫಿಗೆ ಆಯ್ಕೆಯನ್ನೇ ಇಟ್ಟಿಲ್ಲ, ಅದನ್ನು ಕುಡಿದು ಏನು ಬಂತು ಎಂದು ಕೇಳಿದ್ದಾರೆ. ಅಲ್ಲಿಂದ ನಾಲ್ಕೇ ಸಂಖ್ಯೆ ಮುಂದೆ, ಅದೇ ತಿಂಗಳಿನ 2328, ರೂಟರುಗಳು ದಾರಿ ಹುಡುಕಿಕೊಳ್ಳಲು ಬಳಸುವ, ಪ್ರಪಂಚದ ಅರ್ಧ ಕಚೇರಿಗಳನ್ನು ನಡೆಸುವ ಓಎಸ್‌ಪಿಎಫ್. ಒಂದೇ ಬೆಂಚಿನ ಮೇಲೆ ಕೋಡಂಗಿಯೂ ಮುಖ್ಯೋಪಾಧ್ಯಾಯರೂ.

418 ಬರಬರುತ್ತ ನಿಜವಾದ ತಂತ್ರಾಂಶಗಳೊಳಗೂ ಹೊಕ್ಕಿತು. ಜಾಲತಾಣಗಳು ಬಳಸುವ ಪ್ರೋಟೊಕಾಲ್ ಎಚ್‌ಟಿಟಿಪಿಯ ಕಾರ್ಯಗುಂಪಿನ ಮಾರ್ಕ್ ನಾಟಿಂಗ್‌ಹ್ಯಾಮ್ 2017ರಲ್ಲಿ, ಇದು ಅಧಿಕೃತ ಸಂಖ್ಯೆಯಲ್ಲ, ದಯವಿಟ್ಟು ತೆಗೆಯಿರಿ ಎಂದು ನೋಡ್, ಗೋ ಮುಂತಾದ ಪ್ರೋಗ್ರಾಮಿಂಗ್ ಸಾಧನಗಳನ್ನು ನಡೆಸುವವರನ್ನು ಕೇಳಿಕೊಂಡರು. ಹದಿಹರೆಯದ ಹುಡುಗನೊಬ್ಬ ‘418 ಉಳಿಸಿ’ ಎಂದು ಚಳವಳಿ ಹೂಡಿದ. ಹುಡುಗ ಗೆದ್ದ. 2022ರಲ್ಲಿ ಬಂದ ಎಚ್‌ಟಿಟಿಪಿಯ ಈಗಿನ ಮುಖ್ಯ ದಾಖಲೆ 9110ನ್ನು ತೆರೆಯಿರಿ: 418ನ್ನು ‘ಬಳಕೆಯಲ್ಲಿಲ್ಲ’ ಎಂದು ಕಾದಿರಿಸಿ, ತಮಾಷೆಯಾಗಿ ಇಷ್ಟೊಂದು ಕಡೆ ಹರಡಿರುವುದರಿಂದ ಬೇರೆ ಕೆಲಸಕ್ಕೆ ಕೊಡಲಾಗದು ಎಂಬರ್ಥದ ವಿವರಣೆ ಕೊಟ್ಟಿದ್ದಾರೆ. ನೀವು ಸೋಸಬೇಕೆಂದಿರುವ ತಮಾಷೆ ಈಗ ಪಠ್ಯದ ಒಳಗಿದೆ.

ಆದರೂ ಪಟ್ಟಿ ಬೇಕೇ ಬೇಕು ಎಂದರೆ ಗುರುತು ಸುಲಭ. ಈಗಿನ ಆರ್‌ಎಫ್‌ಸಿಗಳ ನೆತ್ತಿಯಲ್ಲಿ ತಿಂಗಳು ಮತ್ತು ವರ್ಷ ಮಾತ್ರ ಇರುತ್ತವೆ. ತಾರೀಖೂ ಇದ್ದು, ಅದು ಏಪ್ರಿಲ್ 1 ಆಗಿದ್ದರೆ ಅದೇ. ಗುರುತಿಸಿದ ಮೇಲೆ ಬಿಡಬೇಡಿ, ಓದಿ. ಪ್ಯಾಕೆಟ್ಟುಗಳಿಗೆ ವಿಳಾಸ ಹಚ್ಚಿ ಸಾಗಿಸುವ ಐಪಿಯ ಮೂಲ ದಾಖಲೆ 791ರ ಜೊತೆಗೆ 1149 ಓದಿ. ಅದೇ 791ರಲ್ಲಿ ವಿವರಿಸಿದ ಹೆಡರಿನಲ್ಲಿ, ಅಂದರೆ ಪ್ಯಾಕೆಟ್ಟಿನ ತಲೆಭಾಗದಲ್ಲಿ, ಸೊನ್ನೆಯಾಗಿಯೇ ಇರಬೇಕಾದ, ಯಾರೂ ಬಳಸದ ಒಂದು ಬಿಟ್ ಇದೆ. ಅದು ಎಲ್ಲಿದೆ ಎಂದು ನನ್ನ ಕೈಕೆಳಗಿನ ಹುಡುಗರಿಗೆ ನಾನು ಕಲಿಸುವುದು 2003ರ 3514ರಿಂದ. ಪ್ಯಾಕೆಟ್ ಕಳಿಸುವವನ ಉದ್ದೇಶ ಕೆಟ್ಟದ್ದಾಗಿದ್ದರೆ ಅವನೇ ಆ ಬಿಟ್ಟನ್ನು 1 ಮಾಡಿ ಕಳಿಸತಕ್ಕದ್ದು, ಫೈರ್‌ವಾಲ್ ಅದನ್ನು ನೋಡಿ ತಡೆಯತಕ್ಕದ್ದು ಎಂದು ಸ್ಟೀವ್ ಬೆಲೊವಿನ್ ಅದರಲ್ಲಿ ವಿಧಿಸಿದ್ದಾರೆ. ಅವರು ಫೈರ್‌ವಾಲ್‌ಗಳ ಮೇಲೆ ಪುಸ್ತಕವನ್ನೇ ಬರೆದಿರುವ ಮನುಷ್ಯ. ಭದ್ರತೆಯ ಉಪಕರಣ ಮಾರಲು ಬಂದವರ ಸ್ಲೈಡುಗಳನ್ನು ನೋಡುವಾಗ ನನಗೆ ಈ ದಾಖಲೆ ಆಗಾಗ ನೆನಪಾಗುತ್ತದೆ. ಆಮೇಲೆ 1996ರ 1925, ರಾಸ್ ಕ್ಯಾಲನ್ ಬರೆದ ಹನ್ನೆರಡು ಸತ್ಯಗಳು. ಸಾಕಷ್ಟು ನೂಕುಬಲ ಕೊಟ್ಟರೆ ಹಂದಿಯೂ ಚೆನ್ನಾಗಿಯೇ ಹಾರುತ್ತದೆ, ಆದರೆ ಅದು ಎಲ್ಲಿ ಇಳಿಯುತ್ತದೆಂದು ಹೇಳಲಾಗದು ಎಂಬುದು ಅದರಲ್ಲೊಂದು. ಎಷ್ಟೇ ಒತ್ತಡ ಹಾಕಿದರೂ ಬೆಳಕಿನ ವೇಗ ಹೆಚ್ಚುವುದಿಲ್ಲ ಎಂಬುದು ಇನ್ನೊಂದು. ಅಮೆರಿಕದ ಲಿಂಕ್ ನಿಧಾನ, ಇವತ್ತೇ ಸರಿಮಾಡು ಎಂದು ಬರುವ ದೂರುಗಳಿಗೆ ಅದನ್ನೇ ಮುದ್ರಿಸಿ ಕಳಿಸುವ ಆಸೆ ನನಗೆ ಬಹಳ ಸಲ ಆಗಿದೆ.

ಪುಸ್ತಕ ಕೊಳ್ಳಲೋ, ಸರ್ಟಿಫಿಕೇಟ್ ಕೋರ್ಸಿಗೆ ಸೇರಲೋ ಎಂದೂ ಕೇಳಿದ್ದೀರಿ. ಕೋರ್ಸಿನ ಶುಲ್ಕ ಕಂಪನಿ ಕಟ್ಟುವುದಾದರೆ ಸೇರಿ. ನಿಮ್ಮ ಜೇಬಿನಿಂದ ಕಟ್ಟುವುದಾದರೆ, ಮೇಲೆ ಹೇಳಿದ ದಾಖಲೆಗಳೆಲ್ಲ ಪುಕ್ಕಟೆ.