ತಿಂಗಳ ಚಂದಾ ಕಟ್ಟುವ ಆ್ಯಪ್ ಬಿಟ್ಟು ಡಿ ಅಂಡ್ ಡಿ ಆಟ ನಡೆಸೋದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಇದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ), ಅಂದರೆ ಪಾತ್ರ ವಹಿಸಿ ದಾಳ ಹಾಕುತ್ತಾ ಕಥೆ ಕಟ್ಟುವ ಆಟ, ಆಡಲು ಡಿ ಅಂಡ್ ಡಿ ಬಿಯಾಂಡ್ ಆ್ಯಪ್‌ಗೆ ಚಂದಾ ಕಟ್ಟುತ್ತಿದ್ದೀರಿ, ಅದನ್ನು ನಿಲ್ಲಿಸಬೇಕು. ಆದರೆ ನಿಲ್ಲಿಸಿದರೆ ನಾಲ್ಕು ಜನ ಆಟಗಾರರ ಲೆಕ್ಕವೆಲ್ಲ ಡಿಎಂ, ಅಂದರೆ ಆಟ ನಡೆಸುವವರಾದ ನಿಮ್ಮ ತಲೆ ಮೇಲೆ ಬೀಳುತ್ತದೇನೋ ಅಂತ ಭಯ. ಮೊದಲನೆಯದು ಸುಲಭ. ಧಾರಾಳವಾಗಿ ನಿಲ್ಲಿಸಿ, 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ಹೊರತಂದಾಗ ಇದ್ದದ್ದು ಕಾಗದ, ಪೆನ್ಸಿಲ್, ದಾಳ ಅಷ್ಟೇ. ಎರಡನೆಯದಕ್ಕೆ ನನ್ನ ಉತ್ತರ: ಲೆಕ್ಕ ನೀವು ಹೊರಲೇಬೇಡಿ. ಆ್ಯಪ್ ಮಾಡುತ್ತಿದ್ದ ಕೆಲಸವನ್ನು ಒಬ್ಬರೇ ಮಾಡಲು ಹೋದರೆ ಬೇಗ ಸುಸ್ತಾಗಿ ಮತ್ತೆ ಚಂದಾ ಕಟ್ಟುತ್ತೀರಿ. ಸುತ್ತ ಕೂತವರಿಗೆಲ್ಲ ಅದನ್ನು ಹಂಚಿ. ನಾನು ಬೆಂಗಳೂರಿನಲ್ಲಿ ಗೆಳೆಯರ ಜೊತೆ ಹೀಗೇ ನಡೆಸುತ್ತಿದ್ದೇನೆ.

ನಿಯಮಗಳ ವಿಷಯ ಬೇಗ ಮುಗಿಸಿಬಿಡೋಣ. 2023ರ ಜನವರಿಯಲ್ಲಿ ಆಟದ ನಿಯಮಗಳನ್ನು ಬೇರೆಯವರು ಬಳಸುವ ಪರವಾನಗಿಯನ್ನು ಬದಲಿಸುವ ಕಂಪನಿಯ ಯೋಚನೆಗೆ ಆಟಗಾರರು ತಿರುಗಿಬಿದ್ದರು. ಆಗ ಆಟದ ಒಡೆತನವಿರುವ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಮೂಲ ನಿಯಮಗಳಿರುವ ಎಸ್‌ಆರ್‌ಡಿ 5.1 ಎಂಬ ಪಿಡಿಎಫ್ ಅನ್ನು, ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. 400 ಪುಟ ದಾಟುವ ಕಡತ ಅದು. 2024ರ ಹೊಸ ನಿಯಮ ಆಡುವವರಿಗೆ 2025ರಲ್ಲಿ 5.2 ಬಂತು. ಎರಡನ್ನೂ ಪುಕ್ಕಟೆ ಇಳಿಸಿಕೊಳ್ಳಬಹುದು, ಪ್ರಿಂಟ್ ಹಾಕಿಸಬಹುದು, ಹಂಚಬಹುದು. ಈ ಪರವಾನಗಿಯಲ್ಲಿ ಒಮ್ಮೆ ಕೊಟ್ಟದ್ದನ್ನು ವಾಪಸ್ ಪಡೆಯುವ ಹಾಗಿಲ್ಲ. ಆದರೆ 5.1ರಲ್ಲಿ ಪ್ರತಿ ಕ್ಲಾಸ್‌ಗೆ (ಪಾತ್ರದ ಕಸುಬಿಗೆ) ಒಂದೇ ಸಬ್‌ಕ್ಲಾಸ್ (ಅದರ ಒಳಬಗೆ) ಇದೆ: ಫೈಟರ್ ಅಂದರೆ ಚಾಂಪಿಯನ್, ರೋಗ್ ಅಂದರೆ ಥೀಫ್. ಬಿಹೋಲ್ಡರ್, ಮೈಂಡ್ ಫ್ಲೇಯರ್‌ನಂಥ ಹೆಸರಾಂತ ಮಾನ್ಸ್ಟರ್‌ಗಳೂ ಇಲ್ಲ. ಅದು ಸಾಲದು ಅನಿಸಿದರೆ ಎಲ್ಲರೂ ಸೇರಿ ಆಟದ ಮುಖ್ಯ ನಿಯಮಪುಸ್ತಕವಾದ ಪ್ಲೇಯರ್ಸ್ ಹ್ಯಾಂಡ್‌ಬುಕ್ ಒಂದನ್ನು ಕೊಳ್ಳಿ. ಆ್ಯಪ್‌ನಲ್ಲಿ ಒಬ್ಬರು ಕೊಂಡ ಪುಸ್ತಕವನ್ನು ಮಿಕ್ಕವರು ಓದಲು ಮಾಸ್ಟರ್ ಟಿಯರ್ ಚಂದಾ ಬೇಕು. ಅಚ್ಚಾದ ಪುಸ್ತಕವನ್ನು ಪಕ್ಕದವರಿಗೆ ಕೊಟ್ಟರಾಯ್ತು. ಇನ್ನೊಂದು ಲಾಭವೂ ಇದೆ. 2024ರ ಆಗಸ್ಟ್‌ನಲ್ಲಿ ಹಳೇ ಮಂತ್ರಗಳ ಜಾಗಕ್ಕೆ ಹೊಸವನ್ನು ತಾವೇ ಹಾಕುತ್ತೇವೆ ಅಂತ ಬಿಯಾಂಡ್‌ನವರು ಹೇಳಿ, ಗಲಾಟೆಯಾದ ಮೇಲೆ ಹಿಂದೆ ಸರಿದರಲ್ವಾ, ಆ ತಲೆನೋವು ಕಪಾಟಿನಲ್ಲಿರುವ ಪುಸ್ತಕಕ್ಕಿಲ್ಲ.

ಈಗ ಪಾತ್ರದ ಶೀಟ್. ಆ್ಯಪ್‌ನಲ್ಲಿ ಬಟನ್ ಒತ್ತಿದರೆ ದಾಳಿಯ ದಾಳಕ್ಕೆ ಕೂಡಬೇಕಾದ್ದು +5 ಅಂತ ಬರುತ್ತದೆ. ಆ ಐದು ಎಲ್ಲಿಂದ ಬಂತು ಅಂತ ಕೇಳಿ ನೋಡಿ, ವರ್ಷಗಟ್ಟಲೆ ಆಡಿದವರೂ ತಡವರಿಸುತ್ತಾರೆ. ಕಾಗದದಲ್ಲಿ ಅದನ್ನು ಬಿಡಿಸಿ ಬರೆಸಿ. ಸ್ಟ್ರೆಂತ್ 16, ಅದಕ್ಕೆ +3. ಪ್ರಾವೀಣ್ಯಕ್ಕೆ +2. ಒಟ್ಟು +5. ಲಾಂಗ್‌ಸೋರ್ಡ್ ಡ್ಯಾಮೇಜ್ ಡಿ8 (ಎಂಟು ಮುಖದ ದಾಳ) + 3. ಪ್ರಾವೀಣ್ಯ ಬದಲಾಗುವುದು 5, 9, 13, 17ನೇ ಲೆವೆಲ್‌ಗಳಲ್ಲಿ ಮಾತ್ರ, ಹಾಗಾಗಿ ಆ ಒಂದು ಅಂಕಿಯನ್ನು ಪೆನ್ಸಿಲ್‌ನಲ್ಲಿ ಬರೆದರೆ ಸಾಕು. ಪದೇಪದೇ ಲೆಕ್ಕ ಹಾಕಬೇಕು ಅನ್ನುವುದೆಲ್ಲ ಸುಳ್ಳು ಭಯ. ಒಂದು ಸಲ ಸರಿಯಾಗಿ ಬರೆದರೆ ಎಷ್ಟೋ ತಿಂಗಳು ಅದೇ ನಡೆಯುತ್ತದೆ.

ತಕರಾರು ಬರುವುದು ಮಂತ್ರ ಹಾಕುವವರಿಂದ. ವಿಝರ್ಡ್, ಕ್ಲೆರಿಕ್ ಆಡುವವರಿಗೆ ಖಾಲಿ ಕಾರ್ಡುಗಳ ಕಟ್ಟು ಕೊಡಿ. ಒಂದು ಕಾರ್ಡಿಗೆ ಒಂದು ಮಂತ್ರ, ತಮ್ಮ ಕೈಯಲ್ಲೇ, ತಮ್ಮ ಮಾತಿನಲ್ಲೇ ಬರೆಯಬೇಕು. ಎಷ್ಟು ದೂರ, ಎಷ್ಟು ಹೊತ್ತು, ಯಾವ ಸೇವ್ (ಮಂತ್ರ ಅಥವಾ ಅಪಾಯ ತಡೆಯಲು ಹಾಕುವ ದಾಳ), ಕಾನ್ಸಂಟ್ರೇಷನ್ (ಮಂತ್ರ ಮುಂದುವರಿಯಲು ಗಮನ ಹಿಡಿದಿಡುವುದು) ಬೇಕಾ ಬೇಡವಾ. ಕನ್ನಡದಲ್ಲಿ ಬರೆದರೆ ಇನ್ನೂ ಒಳ್ಳೆಯದು. ನಮ್ಮ ವಿಝರ್ಡ್ ತಾನು ಬರೆದ ಕಾರ್ಡನ್ನು ಮತ್ತೆ ತೆಗೆದು ನೋಡುವುದೇ ಕಡಿಮೆ. ಸ್ಪೆಲ್ ಸ್ಲಾಟ್‌ಗೆ, ಅಂದರೆ ಇನ್ನು ಎಷ್ಟು ಸಲ ಮಂತ್ರ ಹಾಕಬಹುದು ಅನ್ನುವ ಲೆಕ್ಕಕ್ಕೆ, ಹುಣಸೆ ಬೀಜ, ಕವಡೆ ಇಟ್ಟುಕೊಂಡಿದ್ದೇವೆ, ಚೌಕಾಬಾರದ ಡಬ್ಬಿಯಿಂದ ಬಂದವು. ಮೂರನೇ ಲೆವೆಲ್‌ನ ವಿಝರ್ಡ್‌ಗೆ ಮೊದಲ ಮಟ್ಟದ 4 ಸ್ಲಾಟ್, ಎರಡನೇ ಮಟ್ಟದ 2. ಅಂದರೆ 4 ಬೀಜ, 2 ಕವಡೆ. ಮಂತ್ರ ಹಾಕಿದರೆ ಒಂದನ್ನು ಡಿಎಂ ಕೈಗೆ ಕೊಡಬೇಕು. ಲಾಂಗ್ ರೆಸ್ಟ್ (ಪಾತ್ರಗಳ ದೀರ್ಘ ವಿಶ್ರಾಂತಿ) ಆದಾಗ ವಾಪಸ್. ‘ನನ್ನ ಹತ್ರ ಇನ್ನೂ ಒಂದಿತ್ತು ಅನ್ಸತ್ತೆ’ ಅನ್ನುವ ವಾದ ಅಲ್ಲಿಗೆ ಮುಗಿಯಿತು. ಕಾನ್ಸಂಟ್ರೇಷನ್ ನಡೆಯುತ್ತಿರುವ ಕಾರ್ಡನ್ನು ಎಲ್ಲರ ಕಣ್ಣಿಗೆ ಕಾಣುವ ಹಾಗೆ ಮುಂದೆ ನಿಲ್ಲಿಸಿ. ಏಟು ಬಿದ್ದಾಗ ಸೇವ್ ಮಾಡಬೇಕು, 10 ಅಥವಾ ಡ್ಯಾಮೇಜ್‌ನ ಅರ್ಧ, ಯಾವುದು ಜಾಸ್ತಿಯೋ ಅದಕ್ಕೆ. ನೀವು ಮರೆತರೂ ಪಕ್ಕದವರು ಮರೆಯುವುದಿಲ್ಲ. ಗೆಳೆಯನ ಮಂತ್ರ ಒಡೆದುಹೋಗುವುದನ್ನು ನೋಡಲು ಜನಕ್ಕೆ ಖುಷಿ.

ಕಾಳಗದಲ್ಲಿ ಇನಿಷಿಯೇಟಿವ್ ಪಟ್ಟಿಯನ್ನು, ಅಂದರೆ ಯಾರ ನಂತರ ಯಾರ ಸರದಿ ಅನ್ನುವುದನ್ನು, ನೀವು ಇಡಬೇಡಿ. ಡಿಎಂ ಸ್ಕ್ರೀನ್ ಅಂತ ಒಂದು ರಟ್ಟು ನಿಲ್ಲಿಸಿ, ಅದರ ನೆತ್ತಿಗೆ ಹೆಸರು ಬರೆದ ಬಟ್ಟೆ ಕ್ಲಿಪ್ ಸಿಕ್ಕಿಸಿ. ಸಾಲು ಜೋಡಿಸುವುದು, ಕೂಗುವುದು ಒಬ್ಬ ಆಟಗಾರರ ಕೆಲಸ. ‘ಈಗ ನೀನು, ಆಮೇಲೆ ನೀನು, ರೆಡಿ ಇರು’ ಅಂತ ಅವರು ಹೇಳುತ್ತಾ ಹೋದರೆ ಆಟ ಓಡುತ್ತದೆ. ಫೋನ್ ನೋಡುತ್ತಾ ಕೂರುವ ಗೆಳೆಯನಿಗೇ ಈ ಕೆಲಸ ಕೊಡಿ.

ನಿಮ್ಮ ಪಾಲಿಗೆ ಉಳಿಯುವುದು ಮಾನ್ಸ್ಟರ್‌ಗಳು. ಪುಸ್ತಕದಲ್ಲಿ ಅವುಗಳ ಅಂಕಿಗಳಿರುವ ಇಡೀ ಸ್ಟ್ಯಾಟ್ ಬ್ಲಾಕ್ ನಕಲು ಮಾಡಬೇಕಿಲ್ಲ. 5.1ರ ಪ್ರಕಾರ ಗಾಬ್ಲಿನ್: ಎಸಿ (ಏಟು ತಾಗಲು ಮುಟ್ಟಬೇಕಾದ ಅಂಕಿ) 15, ಎಚ್‌ಪಿ (ಜೀವಬಲ) 7, ದಾಳಿ +4, ಡ್ಯಾಮೇಜ್ 5. ಓಗರ್: ಎಸಿ 11, ಎಚ್‌ಪಿ 59, ದಾಳಿ +6, ಡ್ಯಾಮೇಜ್ 13. ಒಂದೊಂದು ಸಾಲು, ಅಷ್ಟೇ. ಆ 5, 13 ಅನ್ನುವುದು ಪುಸ್ತಕದಲ್ಲೇ ಕೊಟ್ಟಿರುವ ಸರಾಸರಿ. ಆರು ಗಾಬ್ಲಿನ್ ಬಂದಾಗ ಪ್ರತಿಯೊಂದಕ್ಕೂ ಡ್ಯಾಮೇಜ್ ದಾಳ ಹಾಕುತ್ತಾ ಕೂರಬೇಡಿ, ಸರಾಸರಿಯನ್ನೇ ಹೇಳಿ. ಎಚ್‌ಪಿಯನ್ನು 59ರಿಂದ ಕಳೆಯುತ್ತಾ ಹೋಗುವುದಕ್ಕಿಂತ ಸೊನ್ನೆಯಿಂದ ಕೂಡುತ್ತಾ ಹೋಗಿ. 8, 15, 26... 59 ಮುಟ್ಟಿದರೆ ಓಗರ್ ಸತ್ತ. ರಾತ್ರಿ ಹನ್ನೊಂದಕ್ಕೆ ಕಳೆಯುವ ಲೆಕ್ಕಕ್ಕಿಂತ ಕೂಡುವ ಲೆಕ್ಕ ತಪ್ಪುವುದು ಕಡಿಮೆ.

ನಕ್ಷೆಗೆ ಸ್ಟೇಷನರಿ ಅಂಗಡಿಯ ಬಿಳಿ ಚಾರ್ಟ್ ಪೇಪರ್ ತಂದು ಒಂದಿಂಚಿನ ಚೌಕ ಎಳೆಯಿರಿ, ಒಂದು ಚೌಕ ಅಂದರೆ 5 ಅಡಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಶೀಟ್ ಹಾಸಿ ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಗೋಡೆ, ಬಾಗಿಲು ಬರೆಯಿರಿ. ಆವತ್ತೇ ಒರೆಸಿಬಿಡಿ, ಬಿಟ್ಟರೆ ಕಲೆ ಕೂರುತ್ತದೆ. ಕೇರಂ ಕಾಯಿ ಇಡೋಣ ಅಂತ ಎಲ್ಲರಿಗೂ ಹೊಳೆಯುತ್ತದೆ, ಆದರೆ ಅದು ಮೂರು ಸೆಂಟಿಮೀಟರ್‌ಗಿಂತ ಅಗಲ, ಒಂದಿಂಚಿನ ಚೌಕದಲ್ಲಿ ಕೂರುವುದಿಲ್ಲ. ಒಂದು ರೂಪಾಯಿ, ಐದು ರೂಪಾಯಿ ನಾಣ್ಯ ಕೂರುತ್ತವೆ. ಚೆಸ್ ಕಾಯಿ, ಲೂಡೋ ಕಾಯಿ ಇದ್ದರೆ ಇನ್ನೂ ಚಂದ. ಶಾಲೆಯ ಗ್ರಾಫ್ ಪುಸ್ತಕ ನಿಮ್ಮ ಸ್ವಂತ ನಕ್ಷೆಗೆ, ಯಾರಿಗೂ ತೋರಿಸದ ನಕ್ಷೆಗೆ, ಚೆನ್ನಾಗಿ ಒದಗುತ್ತದೆ. ಸಣ್ಣ ಜಗಳಕ್ಕೆ ನಕ್ಷೆಯೇ ಬೇಡ, ಬಾಯಲ್ಲೇ ಹೇಳಿ. ಚಲಿಸುವ ಬೆಳಕು, ನೆರಳು ಇರುವ ಡಿಜಿಟಲ್ ನಕ್ಷೆಗಳು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಎಲ್ಲರೂ ಟೋಕನ್ ನೋಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಕಥೆಯ ಟಿಪ್ಪಣಿಗೆ ಒಂದು ನೋಟ್‌ಬುಕ್. ಎಡಗಡೆ ಪುಟದಲ್ಲಿ ನೀವು ಯೋಚಿಸಿಕೊಂಡದ್ದು, ಬಲಗಡೆ ನಿಜಕ್ಕೂ ಆದದ್ದು. ಎರಡೂ ಹೊಂದುವುದು ಅಪರೂಪ ಬಿಡಿ. ಊರಿನ ಹೆಸರು, ಸಾಲ ಕೊಟ್ಟ ವ್ಯಾಪಾರಿ, ಸಿಕ್ಕಿದ ಚಿನ್ನ ಇದೆಲ್ಲ ಆಟಗಾರರು ಬರೆದುಕೊಳ್ಳಲಿ, ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಲಿ.

ಗುಂಪಿನಲ್ಲಿ ಒಬ್ಬರು ಬೇರೆ ಊರಿನಲ್ಲಿದ್ದರೆ ಮಾತ್ರ ಕಾಗದ ಸೋಲುತ್ತದೆ. ಆಗ ಡಿಸ್ಕಾರ್ಡ್‌ನಲ್ಲಿ ಮಾತು, ಔಲ್‌ಬೇರ್ ರೋಡಿಯೋ ಜಾಲತಾಣದ ಉಚಿತ ಖಾತೆಯಲ್ಲಿ ನಕ್ಷೆ, ದಾಳ ಅವರವರ ಮನೆಯಲ್ಲಿ ನಂಬಿಕೆ ಮೇಲೆ. ನಕ್ಷೆಗೇ ಇರುವ ಮ್ಯಾಪ್‌ಟೂಲ್ ತಂತ್ರಾಂಶ ಪೂರ್ತಿ ಉಚಿತ, ಕಲಿಯಲು ತಾಳ್ಮೆ ಬೇಕು. ಅಂಥದ್ದೇ ಇನ್ನೊಂದು ತಂತ್ರಾಂಶ ಫೌಂಡ್ರಿ ಒಂದೇ ಸಲ 50 ಡಾಲರ್ ಕೊಟ್ಟು ಕೊಳ್ಳುವಂಥದ್ದು, ಅದೂ ಡಿಎಂ ಒಬ್ಬರೇ ಕೊಂಡರೆ ಸಾಕು. ಆದರೆ ಅದು ನಿಮ್ಮ ಕಂಪ್ಯೂಟರ್‌ನಿಂದಲೇ ನಡೆಯುತ್ತದೆ. ನಮ್ಮಲ್ಲಿ ಮನೆಯ ಬ್ರಾಡ್‌ಬ್ಯಾಂಡ್‌ಗೆ ಎಷ್ಟೋ ಕಡೆ ಸ್ವಂತ ಐಪಿ ವಿಳಾಸ ಇರುವುದಿಲ್ಲ, ಹಲವು ಮನೆಗಳಿಗೆ ಸೇರಿ ಒಂದಿರುತ್ತದೆ. ಹಾಗಿದ್ದರೆ ಹೊರಗಿನವರು ನೇರವಾಗಿ ಸೇರಲಾಗದು, ಹೊರಗಿನವರನ್ನು ನಿಮ್ಮ ಕಂಪ್ಯೂಟರ್‌ಗೆ ತಲುಪಿಸುವ ಟನೆಲ್ ತಂತ್ರಾಂಶ ಹಾಕಬೇಕಾಗುತ್ತದೆ. ದುಡ್ಡು ಕೊಡುವ ಮೊದಲು ಇದನ್ನು ವಿಚಾರಿಸಿಕೊಳ್ಳಿ.

ಚಂದಾ ರದ್ದು ಮಾಡುವ ಮೊದಲು ಒಂದು ಕೆಲಸ ಬಾಕಿ ಇದೆ. ಹಂಚಿಕೊಂಡ ಪುಸ್ತಕದಿಂದ ಕಟ್ಟಿದ ಪಾತ್ರಗಳಿಗೆ ಆಮೇಲೆ ತೊಂದರೆ ಆಗಬಹುದು. ಎಲ್ಲರೂ ತಮ್ಮ ತಮ್ಮ ಪಾತ್ರವನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಲಿ. ಅದನ್ನು ನೋಡಿಕೊಂಡು ಹೊಸ ಶೀಟ್‌ಗೆ ಅವರೇ ಕೈಯಲ್ಲಿ ಬರೆಯಲಿ, ನೀವು ಪಕ್ಕದಲ್ಲಿ ಕೂತು ಕೇಳಿದ್ದಕ್ಕೆ ಉತ್ತರ ಹೇಳಿ ಸಾಕು. ಇದಕ್ಕೆ ಒಂದು ಇಡೀ ಸಂಜೆ ಹಿಡಿಯುತ್ತದೆ, ಆವತ್ತು ಆಟ ಇಟ್ಟುಕೊಳ್ಳಬೇಡಿ.