ಸ್ಲೀವ್ ಸಾಕಾ, ಬ್ಯಾಗೇ ಬೇಕಾ?

ಪ್ರಶ್ನೆ: ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಮಂಗಳೂರಿನಿಂದ ಮೊದಲ ಸಲ ವಿಮಾನ ಹತ್ತುತ್ತಾಳೆ. ಲ್ಯಾಪ್‌ಟಾಪ್‌ಗೆ ದೊಡ್ಡ ಬ್ಯಾಗ್ ಕೊಡಿಸಲೋ, ಸ್ಲೀವ್ (ಲ್ಯಾಪ್‌ಟಾಪ್ ಒಂದೇ ಕೂರುವ ಮೆತ್ತನೆ ಕವರ್) ಸಾಕೋ?
– ಓದುಗರು, ಕುಂಬಳೆ

ಉತ್ತರ: ಎರಡೂ ಇರಲಿ. ತೆಳು ಸ್ಲೀವ್, ಅದು ಸಲೀಸಾಗಿ ಕೂರುವ ಬೆನ್ನಿನ ಬ್ಯಾಗ್. ನಮ್ಮಲ್ಲಿ ತಪಾಸಣೆಗೆ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಹೊರತೆಗೆದು ಬೇರೆ ಟ್ರೇಯಲ್ಲಿ ಇಡಬೇಕು, ಯಾಕೆಂದರೆ ಅದರ ಬ್ಯಾಟರಿ ಮತ್ತು ಒತ್ತಾದ ಭಾಗಗಳು ಎಕ್ಸ್‌ರೇಯಲ್ಲಿ ಅಡಿಯಲ್ಲಿರುವ ಸಾಮಾನನ್ನು ಮರೆಮಾಡುತ್ತವೆ. ಅಮೆರಿಕದಲ್ಲಿ 2008ರಲ್ಲಿ, ಪುಸ್ತಕದ ಹಾಗೆ ಬಿಡಿಸಿಟ್ಟರೆ ಲ್ಯಾಪ್‌ಟಾಪ್ ಒಳಗೇ ಇರಬಹುದಾದ ಬ್ಯಾಗುಗಳಿಗೆ ಒಪ್ಪಿಗೆ ಸಿಕ್ಕಿತು. ಅದನ್ನು ನಂಬಿ ಇಲ್ಲಿ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ಕೊಳ್ಳುವಾಗ ಜಿಪ್ ನೋಡಿ. ನನ್ನ ಹಳೇ ಬ್ಯಾಗಿನ ಜಿಪ್ ಒಳಗಿನ ಬಟ್ಟೆಯನ್ನು ಕಚ್ಚಿಕೊಂಡು, ಹಿಂದೆ ಸಾಲು ಬೆಳೆಯುತ್ತಿದ್ದರೂ ಬಿಡಲೇ ಇಲ್ಲ, ಕೈ ನಡುಗಿತ್ತು. ಅಂಗಡಿಯಲ್ಲೇ ಲ್ಯಾಪ್‌ಟಾಪ್ ಹಾಕಿಸಿ, ಒಂದೇ ಕೈಯಲ್ಲಿ ಎಳೆದು ತೆಗೆಯಲು ಮಗಳಿಗೇ ಹೇಳಿ. ಲ್ಯಾಪ್‌ಟಾಪ್‌ನ ಅಳತೆ ಇಂಚಿನಲ್ಲಿ ಬರೆದುಕೊಂಡು ಹೋದರೆ ಸಾಲದು, ಒಂದೇ 15 ಇಂಚಿನದರಲ್ಲೂ ದಪ್ಪ ಬೇರೆ ಇರುತ್ತದಲ್ವಾ.

ಪವರ್‌ಬ್ಯಾಂಕ್ ಮಾತ್ರ ಲಗೇಜಿಗೆ ಹಾಕಬೇಡಿ, ಕೈಯಲ್ಲಿರುವ ಬ್ಯಾಗಿನಲ್ಲೇ ಇರಲಿ. ಮತ್ತೆ ಅಮ್ಮ ಕಟ್ಟಿಕೊಡುವ ಉಪ್ಪಿನಕಾಯಿ ಬಾಟಲಿ ಲ್ಯಾಪ್‌ಟಾಪ್ ಪಕ್ಕ ಬೇಡವೇ ಬೇಡ.