ಡಿಸ್ಕ್ ಹೋದರೂ ಲಾಗ್ ಉಳಿಯಬೇಕಲ್ವಾ?

ಪ್ರಶ್ನೆ: ಸರ್, ನಮ್ಮದು ರೈಸ್ ಮಿಲ್. ಆಫೀಸಿನಲ್ಲಿ ಮೂರು ಲಿನಕ್ಸ್ ಸರ್ವರ್ ಇವೆ. ಹೋದ ತಿಂಗಳು ವೇಬ್ರಿಡ್ಜ್ ಸರ್ವರಿನ ಡಿಸ್ಕ್ ಹೋಯ್ತು. ಕಾರಣ ಹುಡುಕೋಣ ಅಂದ್ರೆ ಲಾಗೂ (ಸರ್ವರ್ ತನ್ನ ಆಗುಹೋಗು ಬರೆದಿಡುವ ದಾಖಲೆ) ಅದರಲ್ಲೇ ಇತ್ತು. ಎಲ್ಲ ಲಾಗ್ ಒಂದೇ ಕಡೆ ಕೂಡಿಸೋದು ಹೇಗೆ? ಹೊಸದಾಗಿ ಡೆಬಿಯನ್ 12 ಅನ್ನೋ ಲಿನಕ್ಸ್ ಹಾಕಿದ್ದೇನೆ, ಅದರಲ್ಲಿ ಲಾಗ್ ಬೀಳುವ ಸಿಸ್‌ಲಾಗ್ ಫೈಲೇ ಕಾಣ್ತಿಲ್ಲ.
– ಓದುಗರು, ಗಂಗಾವತಿ

ಉತ್ತರ: ನನಗೂ ಇದೇ ಗತಿ ಆಗಿತ್ತು. ಬಳ್ಳಾರಿಯ ಒಂದು ಜೀನ್ಸ್ ಘಟಕದ ಸರ್ವರ್ ನೋಡಿಕೊಳ್ಳುತ್ತಿದ್ದೆ. ಮೇ ತಿಂಗಳ ಮಧ್ಯಾಹ್ನ ಕರೆಂಟ್ ನಾಲ್ಕು ಸಲ ಹೋಗಿ ಬಂತು, ಡಿಸ್ಕ್ ಕೈಕೊಟ್ಟಿತು. ಮಾಲೀಕರು ‘ಏನಾಯ್ತು’ ಅಂದಾಗ ಸುಮ್ನೆ ನಿಂತಿದ್ದೆ.

ಫೈಲ್ ಕಾಣದಿರುವುದು ನಿಮ್ಮ ತಪ್ಪಲ್ಲ. ಆ ಫೈಲ್ ಬರೆಯುವ, ಲಾಗ್ ಬೇರೆ ಮಿಷನ್‌ಗೂ ಕಳಿಸುವ ಆರ್‌ಸಿಸ್‌ಲಾಗ್ ಎಂಬ ಪ್ರೋಗ್ರಾಂ ಡೆಬಿಯನ್ 12ರಲ್ಲಿ ತಾನಾಗಿ ಬರುವುದಿಲ್ಲ, ಲಾಗೆಲ್ಲ ಸಿಸ್ಟಂನದೇ ಜರ್ನಲ್ ಎಂಬ ಸಂಗ್ರಹದಲ್ಲೇ ಇರುತ್ತದೆ. ಆಪ್ಟ್‌ನಿಂದ (ಪ್ರೋಗ್ರಾಂ ಹಾಕುವ ಕಮಾಂಡ್) ಆರ್‌ಸಿಸ್‌ಲಾಗ್ ಹಾಕಿಕೊಳ್ಳಿ.

ಲಾಗ್ ಕೂಡಿಸಲು ಹಳೆ ಡೆಸ್ಕ್‌ಟಾಪ್ ಒಂದು ಸಾಕು. ಯುಪಿಎಸ್‌ಗೆ ಸಿಕ್ಕಿಸಿ, ತೌಡಿನ ಧೂಳು ತಾಗದ ರೂಮಿನಲ್ಲಿಡಿ. ಅದರ ಆರ್‌ಸಿಸ್‌ಲಾಗ್‌ನಲ್ಲಿ ಟಿಸಿಪಿ (ತಲುಪಿತೋ ಇಲ್ಲವೋ ನೋಡಿಕೊಂಡು ಕಳಿಸುವ ವಿಧಾನ) 514 ಪೋರ್ಟ್ ತೆರೆದು, ಪ್ರತಿ ಸರ್ವರಿಗೂ ಅದರ ಹೆಸರಿನ ಫೈಲ್ ಬೀಳುವಂತೆ ಟೆಂಪ್ಲೇಟ್ (ಫೈಲ್ ಹೆಸರಿನ ಮಾದರಿ) ಬರೆಯಿರಿ. ಫೈರ್‌ವಾಲ್‌ನಲ್ಲಿ ಆಫೀಸಿನ ಲ್ಯಾನ್‌ಗೆ ಮಾತ್ರ ದಾರಿ ಬಿಡಿ.

ಕಳಿಸುವ ಕಡೆ ಜಾಸ್ತಿ ಜನ ಎಡವುತ್ತಾರೆ. ಸರ್ವರಿನ ಆರ್‌ಸಿಸ್‌ಲಾಗ್ ಕಾನ್ಫಿಗ್‌ನಲ್ಲಿ ಕೂಡಿಸುವ ಮಿಷನ್‌ನ ಐಪಿ (ನೆಟ್‌ವರ್ಕ್ ವಿಳಾಸ) ಮುಂದೆ ಒಂದು @ ಹಾಕಿದರೆ ಯುಡಿಪಿ (ತಲುಪಿತೇ ಎಂದು ನೋಡದೆ ಕಳಿಸುವ ವಿಧಾನ), ಎರಡು ಹಾಕಿದರೆ ಟಿಸಿಪಿ. ಎರಡು ಹಾಕಿದ ಮಾತ್ರಕ್ಕೆ ನಿಶ್ಚಿಂತೆ ಅಲ್ಲ. ಕೂಡಿಸುವ ಮಿಷನ್ ಅರ್ಧ ಗಂಟೆ ಸತ್ತರೆ ಆ ಅರ್ಧ ಗಂಟೆಯ ಲಾಗ್ ಹೋಯ್ತು. ಅದಕ್ಕೇ @ ಸಾಲಿನ ಬದಲು ಆಕ್ಷನ್ ಬ್ಲಾಕ್ (ಎಲ್ಲಿಗೆ, ಹೇಗೆ ಕಳಿಸಬೇಕೆಂದು ವಿವರವಾಗಿ ಹೇಳುವ ಭಾಗ) ಬರೆದು ಕ್ಯೂ (ಕಳಿಸಲಾಗದ ಲಾಗ್ ಕಾಯುವ ಸಾಲು) ಇಡಿ: ಕ್ಯೂಗೆ ಫೈಲ್ ಹೆಸರು ಕೊಡಿ, ಮತ್ತೆ ಮತ್ತೆ ಪ್ರಯತ್ನಿಸುವ ಲೆಕ್ಕವನ್ನು -1 ಮಾಡಿ. ಆಗ ಅದು ಬೇಸರಪಡದೆ ತಟ್ಟುತ್ತಲೇ ಇರುತ್ತದೆ. ಕ್ಯೂ ಬೆಳೆದು ಡಿಸ್ಕ್ ತುಂಬದಂತೆ ಒಂದು ಜಿಬಿ ಮಿತಿಯನ್ನೂ ಹಾಕಿ.

ಮೂರೂ ಸರ್ವರಿನ ಗಡಿಯಾರ ಕ್ರೋನಿಯಿಂದ (ನೆಟ್‌ವರ್ಕ್ ಮೂಲಕ ಸಮಯ ಹೊಂದಿಸುವ ಪ್ರೋಗ್ರಾಂ) ಸರಿ ಮಾಡಿ. ನಮ್ಮಲ್ಲಿ ಒಂದು ಮಿಷನ್ 7 ನಿಮಿಷ ಹಿಂದಿತ್ತು. ಯಾವುದು ಮೊದಲು ಕೆಟ್ಟಿತೆಂದು ತಲೆ ಕೆರೆದುಕೊಂಡಿದ್ದೇ ಬಂತು.

ಕಡೆಗೆ, ಕೂಡಿಸುವ ಮಿಷನ್‌ನ ಲ್ಯಾನ್ ಕೇಬಲ್ ಕಿತ್ತು, ವೇಬ್ರಿಡ್ಜ್ ಸರ್ವರಿನಿಂದ ‘ಲಾಗರ್’ ಕಮಾಂಡ್‌ನಲ್ಲಿ (ಲಾಗ್‌ಗೆ ಸಾಲು ಬರೆಯುವ ಕಮಾಂಡ್) ಹತ್ತು ಸಾಲು ಕಳಿಸಿ. ಒಂದು ಚಹಾ ಕುಡಿದು ಬಂದು ಕೇಬಲ್ ಸಿಕ್ಕಿಸಿ. ಹತ್ತೂ ಬಂದವಾ? ಎಂಟೇ ಬಂದರೆ ನಿಮ್ಮ ಕಾನ್ಫಿಗ್ ಕಳಿಸಿಕೊಡಿ, ನೋಡುತ್ತೇನೆ.